ಹಳೇ ಡಿಟಿಎಚ್ ಡಿಶ್ಶನ್ನು ಫ್ರೀ ಡಿಶ್‌ಗೆ ತಿರುಗಿಸಬೇಕು: ಸ್ಟ್ರೆಂತ್ ಇದೆ, ಕ್ವಾಲಿಟಿ ಸೊನ್ನೆ. ಎಚ್‌ಡಿ ಬರಿಸೋದು ಹೇಗೆ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ. ತೋಟದ ಮಧ್ಯೆ ಮನೆ, ಕೇಬಲ್ ಇಲ್ಲ. ಅಂಗಳದ ಪಕ್ಕದ ಕಂಬದ ಮೇಲೆ ಹಳೇ ಟಾಟಾ ಪ್ಲೇ ಡಿಶ್ ಇದೆ, 60 ಸೆಂಟಿಮೀಟರ್‌ದು. ಮಕ್ಕಳು ಬೆಂಗಳೂರು ಸೇರಿದ ಮೇಲೆ ರೀಚಾರ್ಜ್ ನಿಲ್ಲಿಸಿದೆವು. ಅಪ್ಪನಿಗೆ ಕ್ರಿಕೆಟ್ ಮತ್ತು ಚಂದನ ಇದ್ದರೆ ಸಾಕು. ಅದೇ ಡಿಶ್ಶನ್ನು ದೂರದರ್ಶನದ ಉಚಿತ ಡಿಟಿಎಚ್ ಆದ ಫ್ರೀ ಡಿಶ್‌ಗೆ ತಿರುಗಿಸೋಣ ಅಂತ ಒಂದು ಎಂಪೆಗ್-4 ಎಚ್‌ಡಿ ಬಾಕ್ಸ್ ತಂದಿದ್ದೇನೆ.

ಯೂಟ್ಯೂಬ್‌ನಲ್ಲಿ ಒಂದು ಹಿಂದಿ ವಿಡಿಯೋ ಸಿಕ್ಕಿತು. ಅದರಲ್ಲಿ ತೋರಿಸಿದ ಹಾಗೇ ಡಿಶ್ಶಿನ ಓರೆ, ಎಲ್‌ಎನ್‌ಬಿ (ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಮೂತಿ) ಎಲ್ಲ ಇಟ್ಟೆ. ಬಾಕ್ಸಿನಲ್ಲಿ ಫ್ರೀಕ್ವೆನ್ಸಿ 11090, ಪೋಲರೈಸೇಷನ್ ವಿ, ಸಿಂಬಲ್ ರೇಟ್ 29500 ಹಾಕಿದೆ. ಸ್ಟ್ರೆಂತ್ 80ರ ಮೇಲೆ ತೋರಿಸುತ್ತದೆ. ಕ್ವಾಲಿಟಿ ಮಾತ್ರ ಸೊನ್ನೆ. ಆಗೊಮ್ಮೆ ಈಗೊಮ್ಮೆ ಸ್ವಲ್ಪ ಹಾರಿ ಮತ್ತೆ ಬಿದ್ದುಹೋಗುತ್ತದೆ.

ಪೇಟೆಯ ಮೆಕ್ಯಾನಿಕ್ ಒಬ್ಬರು "ಎಚ್‌ಡಿ ಬೇಕಾದ್ರೆ ಎಚ್‌ಡಿ ಡಿಶ್ಶೇ ಹಾಕ್ಬೇಕು, ಇದು ಆಗಲ್ಲ" ಅಂದರು. ನಿಜವಾ? ಮಳೆ ಹಿಡಿಯುವ ಮೊದಲು ಮುಗಿಸಬೇಕು. ಗೊತ್ತಿದ್ದವರು ಹೇಳಿ.

ಬಯಲುಸೀಮೆ
ಎಚ್‌ಡಿ ಡಿಶ್ ಅಂತ ಒಂದು ವಸ್ತುವೇ ಇಲ್ಲ. ಡಿಶ್ ಬರೀ ತಗಡು. ಎಚ್‌ಡಿ ಇರೋದು ಬಾಕ್ಸಿನಲ್ಲಿ. ಮೆಕ್ಯಾನಿಕ್‌ಗೆ ಡಿಶ್ ಮಾರಬೇಕಿದೆ, ಅಷ್ಟೇ.

ಸಿಗ್ನಲ್ ಸೀನ
ಸ್ಟ್ರೆಂತ್ ನೋಡಲೇಬೇಡಿ ಸರ್. ಅದು ಎಲ್‌ಎನ್‌ಬಿಗೆ ಕರೆಂಟ್ ಹೋಗ್ತಿದೆ, ಕೇಬಲ್ ಸರಿ ಇದೆ ಅಂತ ಹೇಳುತ್ತೆ, ಅಷ್ಟೇ. ಡಿಶ್ಶನ್ನು ದನದ ಕೊಟ್ಟಿಗೆ ಕಡೆ ತಿರುಗಿಸಿದರೂ ಸ್ಟ್ರೆಂತ್ ಹಾಗೇ ಇರುತ್ತೆ. ಕ್ವಾಲಿಟಿ ಬಂದರೆ ಮಾತ್ರ ಸ್ಯಾಟಲೈಟ್ ಸಿಕ್ಕಿದೆ ಅಂತ ಲೆಕ್ಕ.

ಕುಂದಾಪ್ರದವ
ಮಾರಾಯ್ರೆ, ಈಗಿನ ಕಾಲದಲ್ಲಿ ಡಿಶ್ ಯಾಕೆ? ಮೊಬೈಲಲ್ಲೇ ಎಲ್ಲ ಬರ್ತದಲ್ಲ.

ಮಲೆನಾಡ ಮಳೆ
ಕುಂದಾಪ್ರದವರೇ, ಒಮ್ಮೆ ಜುಲೈನಲ್ಲಿ ನಮ್ಮ ಕಡೆ ಬನ್ನಿ. ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಮನೆ ಇನ್ವರ್ಟರ್‌ನಲ್ಲಿ ಟಿವಿ ನಡೆಯುತ್ತದೆ, ಡಿಶ್‌ಗೆ ಟವರ್ ಬೇಕಿಲ್ಲ.

ಕುಂದಾಪ್ರದವ
ಮಳೆಗೆ ಡಿಶ್ಶೂ ಹೋಗ್ತದಲ್ಲ!

ಮಲೆನಾಡ ಮಳೆ
ಹೋಗುತ್ತೆ, ಅರ್ಧ ಗಂಟೆಗೆ ವಾಪಸ್ ಬರುತ್ತೆ. ಟವರ್ ಮೂರು ದಿನಕ್ಕೂ ಬರಲ್ಲ.

ಆರ್‌ಜಿ ಸಿಕ್ಸ್
ವಿಷಯಕ್ಕೆ ಬರೋಣ. ತೋಟದಮನೆಯವರೇ, ನಿಮ್ಮ ತೊಂದರೆ ನನಗೆ ಕಾಣುತ್ತಿರೋದು ಆ ಹಿಂದಿ ವಿಡಿಯೋದಲ್ಲೇ. ವಿಡಿಯೋ ಮಾಡಿದವನು ಸುಳ್ಳು ಹೇಳಿಲ್ಲ. ಅವನ ಊರು ಬೇರೆ, ದಿಲ್ಲಿ ಕಡೆ ಇರಬೇಕು, ಅಷ್ಟೇ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. ಅದು ಇರುವುದು ಭೂಮಧ್ಯರೇಖೆಯ ಮೇಲೆ, 93.5 ಡಿಗ್ರಿ ಪೂರ್ವದಲ್ಲಿ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ದಿಲ್ಲಿಯಿಂದ ನೋಡಿದರೆ ಅದು ಆಕಾಶದಲ್ಲಿ 52 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ತೀರ್ಥಹಳ್ಳಿಯಿಂದ ನೋಡಿದರೆ 63 ಡಿಗ್ರಿ. ದಿಕ್ಕು ದಿಲ್ಲಿಗೆ ಉತ್ತರದಿಂದ 149 ಡಿಗ್ರಿ, ನಿಮಗೆ 126 ಡಿಗ್ರಿ. ಅಂದರೆ ಹೆಚ್ಚುಕಮ್ಮಿ ಸರಿಯಾಗಿ ಆಗ್ನೇಯ.

ಇನ್ನು ಎಲ್‌ಎನ್‌ಬಿಯ ತಿರುವು. ಇದನ್ನೇ ಎಲ್ಲರೂ ಬಿಟ್ಟುಬಿಡೋದು. ದಿಲ್ಲಿಯಲ್ಲಿ ಅದು ಲೆಕ್ಕಕ್ಕೆ 27 ಡಿಗ್ರಿ ಬಂದರೆ ನಿಮ್ಮಲ್ಲಿ 52 ಬರುತ್ತದೆ. ದಕ್ಷಿಣಕ್ಕೆ ಬಂದಷ್ಟೂ ಈ ತಿರುವು ಜಾಸ್ತಿ. ವಿಡಿಯೋ ನೋಡಿ ಇಟ್ಟಿದ್ದರೆ ಅಲ್ಲೇ 25 ಡಿಗ್ರಿ ಹೊಡೆತ.

ನಮ್ಮ ಕಡೆಯ ಊರುಗಳ ಲೆಕ್ಕ ಹಾಕಿಟ್ಟಿದ್ದೇನೆ, ಬೇರೆಯವರಿಗೂ ಆಗಲಿ. ಬೆಂಗಳೂರು: ದಿಕ್ಕು 128, ಎತ್ತರ 66. ಮಂಗಳೂರು: 123, 64. ಶಿರಸಿ: 127, 62. ಬೆಳಗಾವಿ: 128, 61. ಬೀದರ್: 137, 62.

ದಿಲ್ಲಿ ಕನ್ನಡಿಗ
ಆರ್‌ಜಿ ಸಿಕ್ಸ್ ಹೇಳಿದ್ದು ಸರಿ. ನಾನು ದಿಲ್ಲಿಯಲ್ಲೂ ಹಾಕಿದ್ದೇನೆ, ಹಾಸನದ ಅತ್ತೆ ಮನೆಯಲ್ಲೂ ಹಾಕಿದ್ದೇನೆ. ಎರಡೂ ಕಡೆ ಡಿಶ್ ನಿಲ್ಲುವ ಭಂಗಿಯೇ ಬೇರೆ. ಹಾಸನದಲ್ಲಿ ಅದು ಇನ್ನೂ ಆಕಾಶ ನೋಡುತ್ತಾ ಮಲಗಿದ ಹಾಗೆ ಇರುತ್ತದೆ.

ಬಯಲುಸೀಮೆ
ಒಂದು ಸಂದೇಹ. 63 ಡಿಗ್ರಿ ಅಂದ್ರೆ ಡಿಶ್ ಮುಖ ಬಹುತೇಕ ಮೇಲಕ್ಕೆ ಇರಬೇಕಲ್ವಾ? ನಮ್ಮ ಬೀದಿಯ ಯಾವ ಡಿಶ್ಶೂ ಹಾಗಿಲ್ಲ. ಎಲ್ಲ ಎದುರು ಮನೆಯ ಟ್ಯಾಂಕ್ ನೋಡ್ತಾ ಇವೆ.

ಆರ್‌ಜಿ ಸಿಕ್ಸ್
ಒಳ್ಳೇ ಪ್ರಶ್ನೆ. ಮನೆಗಳಲ್ಲಿರುವುದು ಆಫ್‌ಸೆಟ್ ಡಿಶ್. ಎಲ್‌ಎನ್‌ಬಿ ನಡುವೆ ಇರಲ್ಲ, ಕೆಳಗಿನ ತೋಳಿನ ತುದಿಯಲ್ಲಿರುತ್ತೆ. ಹಾಗಾಗಿ ಸಿಗ್ನಲ್ ಬರುವ ದಾರಿ ಡಿಶ್ಶಿನ ಮುಖ ನೋಡುವ ದಾರಿಗಿಂತ 20–25 ಡಿಗ್ರಿ ಮೇಲೆ. ಮುಖ 40 ಡಿಗ್ರಿಯಷ್ಟು ಮೇಲೆ ನೋಡಿದರೆ ಸಾಕು, ಸಿಗ್ನಲ್ 63ರಿಂದ ಬಂದು ಬೀಳುತ್ತದೆ. ಬ್ರಾಕೆಟ್ ಮೇಲೆ ಕೊರೆದಿರುವ ಅಂಕಿಗಳಲ್ಲಿ ಈ ಲೆಕ್ಕ ಸಾಮಾನ್ಯವಾಗಿ ಮೊದಲೇ ಸೇರಿರುತ್ತೆ. ಆದರೆ ಕಂಬ ನೆಟ್ಟಗಿದ್ದರೆ ಮಾತ್ರ ಆ ಅಂಕಿಗೆ ಬೆಲೆ. ದಾರಕ್ಕೆ ಕಲ್ಲು ಕಟ್ಟಿ ಕಂಬದ ಪಕ್ಕ ಇಳಿಬಿಟ್ಟು ನೋಡಿ. ಎರಡು ಕಡೆಯಿಂದ ನೋಡಬೇಕು, ಒಂದೇ ಕಡೆಯಿಂದಲ್ಲ.

ತೋಟದಮನೆ
ಮಾಹಿತಿಗೆ ಥ್ಯಾಂಕ್ಸ್. ನಮ್ಮ ಮನೆಯ ಆಗ್ನೇಯಕ್ಕೇ ಅಡಿಕೆ ತೋಟ ಇದೆ. ಮರ ಅಡ್ಡ ಬರುತ್ತವಾ? ಟಾಟಾ ಪ್ಲೇ ಇದ್ದಾಗ ತೊಂದರೆ ಇರಲಿಲ್ಲ.

ಆರ್‌ಜಿ ಸಿಕ್ಸ್
ಟಾಟಾ ಪ್ಲೇ 83 ಡಿಗ್ರಿಯಲ್ಲಿದೆ. ನಿಮ್ಮಲ್ಲಿಂದ ಅದು ದಿಕ್ಕು 150, ಎತ್ತರ 71–72. ಇನ್ನೂ ನೆತ್ತಿಯ ಹತ್ತಿರ, ಹಾಗಾಗಿ ಮರದ ಕಾಟ ಕಮ್ಮಿ. ಜಿಸ್ಯಾಟ್-15 ಸ್ವಲ್ಪ ಕೆಳಗೆ.

63 ಡಿಗ್ರಿಗೆ ಲೆಕ್ಕ ಸುಲಭ. ಡಿಶ್ಶಿನ ಮಟ್ಟದಿಂದ ಮರ ಎಷ್ಟು ಎತ್ತರ ಇದೆಯೋ ಅದರ ಅರ್ಧಕ್ಕಿಂತ ಜಾಸ್ತಿ ದೂರದಲ್ಲಿ ಮರ ಇರಬೇಕು. ಡಿಶ್ಶಿಗಿಂತ 50 ಅಡಿ ಮೇಲಿರುವ ಅಡಿಕೆ ಮರ 25 ಅಡಿ ಆಚೆ ಇದ್ದರೆ ಅಡ್ಡಿ ಇಲ್ಲ. ಸೋಗೆ ಅಗಲಕ್ಕೆ ಇನ್ನೊಂದು ಎಂಟು ಅಡಿ ಸೇರಿಸಿಕೊಳ್ಳಿ.

ಹೆಗ್ಗೋಡಿನ ಅಕ್ಕ
ಒದ್ದೆ ಸೋಗೆ ಒಣ ಸೋಗೆಗಿಂತ ಜಾಸ್ತಿ ಅಡ್ಡಿ ಮಾಡುತ್ತದೆ. ಬೇಸಿಗೆಯಲ್ಲಿ ಚೆನ್ನಾಗಿ ಬಂದು ಮಳೆಗಾಲದಲ್ಲಿ ಸತಾಯಿಸುವ ಮನೆಗಳಲ್ಲಿ ಮೊದಲು ಮರ ನೋಡಬೇಕು. ನಮ್ಮಲ್ಲಿ ಒಂದು ಹಲಸಿನ ಕೊಂಬೆ ಕಡಿದ ಮೇಲೆ ಸರಿಯಾಯಿತು.

ಸಿಗ್ನಲ್ ಸೀನ
ಸುಮ್ನೆ ಡಿಗ್ರಿ ಡಿಗ್ರಿ ಅಂತ ಹೆದರಿಸಬೇಡಿ. ನಾನು ಡಿಶ್ ಹಾಕೋನು. ಒಂದು ಕೈಯಲ್ಲಿ ಸ್ಯಾಟ್‌ಫೈಂಡರ್, ಒಂದು ಕೈಯಲ್ಲಿ ಡಿಶ್. ಪೀಂ ಅಂದ ಕಡೆ ಟೈಟ್ ಮಾಡಿದರೆ ಮುಗೀತು. ಎಲ್‌ಎನ್‌ಬಿ ನಾನು ತಿರುಗಿಸೋದೇ ಇಲ್ಲ, ಬ್ರಾಕೆಟ್ಟಿನಲ್ಲಿ ಹೇಗೆ ಕೂರುತ್ತೋ ಹಾಗೇ. ಎಲ್ಲರ ಮನೆಯಲ್ಲೂ ಚಾನೆಲ್ ಬರ್ತಿದೆ.

ಆರ್‌ಜಿ ಸಿಕ್ಸ್
ಸೀನಣ್ಣ, ಪೀಂ ಅನ್ನೋ ಫೈಂಡರ್‌ಗೆ ಯಾವ ಸ್ಯಾಟಲೈಟ್ ಅಂತ ಗೊತ್ತಾಗುತ್ತಾ? 91.5ರಲ್ಲಿ ಮೀಸ್ಯಾಟ್ ಇದೆ, 95ರಲ್ಲಿ ಡಿಶ್ ಟಿವಿಯ ಸ್ಯಾಟಲೈಟ್ ಇದೆ. ನಮ್ಮದು ಇವೆರಡರ ನಡುವೆ. 60 ಸೆಂಟಿಮೀಟರ್ ಡಿಶ್ ನೋಡುವ ಅಗಲವೇ ಸುಮಾರು ಮೂರು ಡಿಗ್ರಿ. ಮೂರಕ್ಕೂ ಅದು ಪೀಂ ಅನ್ನುತ್ತೆ.

ಎಲ್‌ಎನ್‌ಬಿ ವಿಷಯ. 45 ಡಿಗ್ರಿ ತಪ್ಪಿದರೆ ವಿ (ಲಂಬವಾಗಿ ಆಡುವ ಅಲೆ) ಮತ್ತು ಎಚ್ (ಅಡ್ಡ ಆಡುವ ಅಲೆ) ಎರಡೂ ಸಮಸಮ ಒಳಗೆ ಬರುತ್ತವೆ, ಏನೂ ಸಿಗಲ್ಲ. 20–25 ಡಿಗ್ರಿ ತಪ್ಪಿದರೆ ಆಟ ಬೇರೆ. ನಮಗೆ ಬೇಕಾದ ಸಿಗ್ನಲ್ ಕಡಿಮೆಯಾಗೋದು ಸ್ವಲ್ಪವೇ. ಆದರೆ ಆ ಕಡೆಯ ಪೋಲರೈಸೇಷನ್‌ನ ಪವರ್‌ನಲ್ಲಿ 15 ಪರ್ಸೆಂಟ್‌ನಷ್ಟು ನುಸುಳುತ್ತೆ. ಅಲ್ಲಿ ಬೇರೆ ಸಿಗ್ನಲ್ ಇದ್ದರೆ ನಮ್ಮದಕ್ಕೆ ಅದೇ ಗದ್ದಲ. ಹಳೇ ಎಸ್‌ಡಿ ಚಾನೆಲ್ ಈ ಗದ್ದಲ ತಡೆದುಕೊಳ್ಳುತ್ತೆ. ಡಿವಿಬಿ-ಎಸ್2 ಅನ್ನೋ ಹೊಸ ಪದ್ಧತಿಯಲ್ಲಿ 8ಪಿಎಸ್‌ಕೆ ಅಂತ ಒತ್ತೊತ್ತಾಗಿ ತುಂಬಿ ಕಳಿಸುವ ಎಚ್‌ಡಿ ಚಾನೆಲ್‌ಗೆ ಅಷ್ಟು ತಾಳ್ಮೆ ಇಲ್ಲ. ಅದಕ್ಕೇ "ಎಲ್ಲ ಬರುತ್ತೆ, ಎಚ್‌ಡಿ ಮಾತ್ರ ಬರಲ್ಲ" ಅಂತ ಜನ ಹೇಳೋದು. ಆಮೇಲೆ "ಎಚ್‌ಡಿ ಡಿಶ್ ತಗೊಳ್ಳಿ" ಅನ್ನೋದು.

ಸಿಗ್ನಲ್ ಸೀನ
ಸರಿ ಸರಿ. ಎಚ್‌ಡಿ ಕೇಳುವ ಗಿರಾಕಿ ನಮ್ಮ ಕಡೆ ಕಮ್ಮಿ. ಆದ್ರೂ ಪಕ್ಕದ ಸ್ಯಾಟಲೈಟ್ ಸಿಗೋದು ನಿಜ, ಅದು ದಿನಾ ಆಗುತ್ತೆ. ಬ್ಲೈಂಡ್ ಸ್ಕ್ಯಾನ್ (ಬಾಕ್ಸೇ ಎಲ್ಲ ಫ್ರೀಕ್ವೆನ್ಸಿ ಹುಡುಕೋದು) ಹಾಕಿ ಚಾನೆಲ್ ಹೆಸರು ನೋಡಿದರೆ ಗೊತ್ತಾಗುತ್ತೆ. ಪಟ್ಟಿಯಲ್ಲಿ ಡಿಡಿ ಚಾನೆಲ್ ಸಾಲಾಗಿ ಕಂಡರೆ ನಮ್ಮದು.

ಹಾಸನದ ಗೌಡ
ಪಕ್ಕದ ಮನೆಯಲ್ಲಿ ಸನ್ ಡೈರೆಕ್ಟ್ ಇದೆಯಾ ನೋಡಿ. ಅವರೂ ಜಿಸ್ಯಾಟ್-15 ಬಳಸುತ್ತಾರೆ, ಜೊತೆಗೆ 91.5ರ ಮೀಸ್ಯಾಟ್ ಕೂಡ. ಆ ಡಿಶ್ ಯಾವ ಕಡೆ ನೋಡುತ್ತೋ ಅದೇ ಕಡೆ ನಿಮ್ಮದನ್ನೂ ಇಟ್ಟುಕೊಂಡು ಶುರು ಮಾಡಿ. ದಿಕ್ಸೂಚಿ ಹುಡುಕುವ ಕೆಲಸವೇ ಇಲ್ಲ.

ತೋಟದಮನೆ
ಪಕ್ಕದ ಮನೆ ಅಂದ್ರೆ ನಮಗೆ ಒಂದು ಹಳ್ಳ ದಾಟಬೇಕು ಗೌಡರೇ.

ಬಯಲುಸೀಮೆ
ಮೊಬೈಲ್ ದಿಕ್ಸೂಚಿ ಆ್ಯಪ್ ಸಾಕಲ್ವಾ?

ನೆರಳುಬೆಳಕು
ಕಬ್ಬಿಣದ ಕಂಬದ ಪಕ್ಕ, ತಗಡಿನ ಮಾಡಿನ ಕೆಳಗೆ ಮೊಬೈಲ್ ಹಿಡಿದರೆ ಅದು ತನಗೆ ಬೇಕಾದ್ದು ಹೇಳುತ್ತೆ. ಹತ್ತು ಹೆಜ್ಜೆ ಆಚೆ ನಿಂತು ನೋಡಿ, ಆ ದಿಕ್ಕಿನಲ್ಲಿರುವ ಒಂದು ಮರವನ್ನೋ ಗುಡ್ಡದ ತುದಿಯನ್ನೋ ಗುರುತು ಇಟ್ಟುಕೊಳ್ಳಿ.

ನನಗೆ ಮೊಬೈಲಿಗಿಂತ ಸೂರ್ಯನ ಮೇಲೆ ನಂಬಿಕೆ. ಸೂರ್ಯ ಯಾವ ಹೊತ್ತಿಗೆ 126 ಡಿಗ್ರಿ ದಿಕ್ಕಿಗೆ ಬರುತ್ತಾನೆ ಅಂತ ತೋರಿಸುವ ಆ್ಯಪ್‌ಗಳಿವೆ. ಆ ಹೊತ್ತಿಗೆ ಕೋಲಿನ ನೆರಳು ನೋಡಿ, ನೆರಳಿನ ಎದುರು ದಿಕ್ಕಿಗೆ ಡಿಶ್ ತಿರುಗಿಸಿದರೆ ಆಯಿತು.

ಆರ್‌ಜಿ ಸಿಕ್ಸ್
ಉಪಾಯ ಚೆನ್ನಾಗಿದೆ, ಆದರೆ ಈಗ ಮೇ ಕೊನೆ. ಮಧ್ಯಾಹ್ನ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹೋಗುತ್ತಾನೆ. ಇಡೀ ದಿನ ಕಾದರೂ ಆಗ್ನೇಯಕ್ಕೆ ಬರೋದೇ ಇಲ್ಲ.

ನೆರಳುಬೆಳಕು
ಹೌದಲ್ಲ! ಹಾಗಾದರೆ ಉಲ್ಟಾ ಮಾಡಿ. ಒಂದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಸೂರ್ಯ ವಾಯವ್ಯದಲ್ಲಿರುತ್ತಾನೆ. ಆಗ ನೆರಳೇ ಆಗ್ನೇಯಕ್ಕೆ ಬೀಳುತ್ತೆ. ನೆರಳು ತೋರಿಸಿದ ಕಡೆಗೇ ಡಿಶ್. ಸೂರ್ಯ ನೆತ್ತಿಯ ಹತ್ತಿರ ಇರೋದ್ರಿಂದ ನೆರಳು ಗಿಡ್ಡ, ಬೇಗ ಸರಿಯುತ್ತೆ. ಉದ್ದ ಕೋಲು ಇಟ್ಟುಕೊಳ್ಳಿ.

ಮಾರ್ಚ್ ಮಧ್ಯದಲ್ಲಿ ಇನ್ನೂ ಮಜಾ ಇದೆ. ಬೆಳಿಗ್ಗೆ 11 ಗಂಟೆ ದಾಟಿದ ಮೇಲೆ ಸೂರ್ಯ ಸರಿಯಾಗಿ ಈ ಸ್ಯಾಟಲೈಟ್‌ನ ಹಿಂದೆಯೇ ಬಂದು ನಿಲ್ಲುತ್ತಾನೆ. ಸೆಪ್ಟೆಂಬರ್ ಕೊನೆಯಲ್ಲೂ ಅಷ್ಟೇ, 11ಕ್ಕೆ ಸ್ವಲ್ಪ ಮೊದಲು. ಆಗ ಕೆಲವು ನಿಮಿಷ ಸಿಗ್ನಲ್ ಹೋಗುತ್ತೆ, ಯಾರೂ ಕಸ್ಟಮರ್ ಕೇರ್‌ಗೆ ಫೋನ್ ಮಾಡಬೇಡಿ. ಆ ಹೊತ್ತಿಗೆ ಡಿಶ್ ಹತ್ತಿರ ನಿಂತರೆ, ಡಿಶ್ಶಿಗೆ ಬಿದ್ದ ಬಿಸಿಲು ಒಟ್ಟಾಗಿ ಎಲ್‌ಎನ್‌ಬಿ ಮೂತಿಯ ಮೇಲೆ ಬೀಳೋದು ಕಣ್ಣಿಗೆ ಕಾಣುತ್ತೆ. ಮೀಟರೇ ಬೇಡ.

ಕುಂದಾಪ್ರದವ
ಮಾರ್ಚ್ ತನಕ ಅವರ ಅಪ್ಪ ಕ್ರಿಕೆಟ್ ನೋಡುದು ಬೇಡ್ವಾ?

ವೆಲ್ಡಿಂಗ್ ಶಾಪ್
ಇಷ್ಟೆಲ್ಲ ಯಾಕೆ. ಡಿಶ್ ಮೊದಲು 83ಕ್ಕೆ ಸರಿಯಾಗಿ ಕೂತಿತ್ತು ಅಲ್ವಾ? ಹಳೇ ಕ್ಲಾಂಪ್ ಇದ್ದ ಜಾಗದ ಗುರುತು ಕಂಬದ ಮೇಲೆ ಇದ್ದೇ ಇರುತ್ತೆ, ತುಕ್ಕಿನ ಗೆರೆ ನೋಡಿ. ಮೊದಲು ಅಲ್ಲಿಗೇ ವಾಪಸ್ ಇಡಿ. 150ರಿಂದ 126ಕ್ಕೆ ಬರಬೇಕು ಅಂದರೆ 24 ಡಿಗ್ರಿ. ಕಂಬ ಒಂದೂವರೆ ಇಂಚು ದಪ್ಪ ಇದ್ದರೆ ಸುತ್ತಳತೆ 120 ಮಿಲಿಮೀಟರ್. ಅದರಲ್ಲಿ 24 ಡಿಗ್ರಿ ಅಂದರೆ 8 ಮಿಲಿಮೀಟರ್. ಮಾರ್ಕರ್ ಪೆನ್ನಲ್ಲಿ ಎರಡು ಗೆರೆ ಹಾಕಿ, ಡಿಶ್ ಹಿಂದೆ ನಿಂತು ಎಡಕ್ಕೆ 8 ಮಿಲಿಮೀಟರ್ ತಿರುಗಿಸಿ. ಎತ್ತರ ಎಂಟು ಡಿಗ್ರಿ ಇಳಿಸಿ. ಎಲ್‌ಎನ್‌ಬಿ ಇನ್ನೂ 23 ಡಿಗ್ರಿ ತಿರುಗಿಸಿ. ಮುಗೀತು.

ಆರ್‌ಜಿ ಸಿಕ್ಸ್
ಇದು ಈ ಚರ್ಚೆಯಲ್ಲೇ ಬೆಸ್ಟ್ ಐಡಿಯಾ. ಇನ್ನೊಂದು ಮಾತು: ಇದೇ ಲೆಕ್ಕದಲ್ಲಿ ಕಂಬದ ಮೇಲೆ ಒಂದು ಡಿಗ್ರಿ ಅಂದರೆ ಮೂರನೇ ಒಂದು ಮಿಲಿಮೀಟರ್. ನಟ್ ಟೈಟ್ ಮಾಡುವಾಗ ಡಿಶ್ ಅಷ್ಟು ಜರುಗಿದರೂ ಕ್ವಾಲಿಟಿ ಬೀಳುತ್ತೆ. ಹಾಗಾಗಿ ಎರಡು ಕಡೆಯ ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೆ ಒಂದು ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಡಿಶ್ ಆ ಕಡೆಗೆ ಎಳೆದುಕೊಳ್ಳುತ್ತೆ.

ಹೆಗ್ಗೋಡಿನ ಅಕ್ಕ
ಎಲ್‌ಎನ್‌ಬಿ ಯಾವ ಕಡೆಗೆ ತಿರುಗಿಸಬೇಕು ಅಂತ ಯಾರೂ ಹೇಳಲಿಲ್ಲವಲ್ಲ.

ಆರ್‌ಜಿ ಸಿಕ್ಸ್
ಡಿಶ್ಶಿನ ಹಿಂದೆ ನಿಂತು ಆಕಾಶದ ಕಡೆ ನೋಡುತ್ತಿದ್ದರೆ ಗಡಿಯಾರದ ಮುಳ್ಳಿಗೆ ವಿರುದ್ಧ. ಡಿಶ್ಶಿನ ಮುಂದೆ ಬಂದು ತಗಡಿನ ಕಡೆ ಮುಖ ಮಾಡಿ ನಿಂತರೆ ಮುಳ್ಳು ತಿರುಗುವ ಕಡೆಗೇ. ಒಟ್ಟು 50 ಡಿಗ್ರಿ ಆಸುಪಾಸು ಇಟ್ಟು, ಅಲ್ಲಿಂದ ಆಚೆ ಈಚೆ ನಿಧಾನಕ್ಕೆ ತಿರುಗಿಸಿ ಕ್ವಾಲಿಟಿ ಎಲ್ಲಿ ಜಾಸ್ತಿ ಅಂತ ನೋಡಬೇಕು. ಬಾಕ್ಸಿನ ಮೀಟರ್ ಒಂದೆರಡು ಸೆಕೆಂಡ್ ತಡವಾಗಿ ಹೇಳುತ್ತೆ. ತಿರುಗಿಸಿ, ನಿಲ್ಲಿಸಿ, ಕಾಯಿರಿ. ನಮ್ಮ ಜನಕ್ಕೆ ಈ ಕಾಯೋದೊಂದು ಬರಲ್ಲ.

ಸಿಗ್ನಲ್ ಸೀನ
ಎಲ್‌ಎನ್‌ಬಿ ಮೇಲೆ 9750/10600 ಅಂತ ಇದೆಯಾ ನೋಡಿ. ಅದು ಯೂನಿವರ್ಸಲ್. ಒಂದೇ ನಂಬರ್ ಇದ್ದರೆ ಸುಮ್ಮನೆ ಒದ್ದಾಡದೆ ಹೊಸದು ಹಾಕಿ, ದೊಡ್ಡ ರೇಟ್ ಏನಿಲ್ಲ. 11090ರಿಂದ 9750 ಕಳೆದರೆ 1340, ಆ ಫ್ರೀಕ್ವೆನ್ಸಿಯೇ ಕೇಬಲ್‌ನಲ್ಲಿ ಕೆಳಗೆ ಇಳಿಯೋದು. ಬಾಕ್ಸಿನಲ್ಲೂ ಯೂನಿವರ್ಸಲ್ ಅಂತಲೇ ಸೆಟ್ ಮಾಡಬೇಕು. ಎಷ್ಟೋ ಮನೆಯಲ್ಲಿ ಡಿಶ್ ಸರಿ ಇರುತ್ತೆ, ಈ ಸೆಟ್ಟಿಂಗ್ ತಪ್ಪಿರುತ್ತೆ.

ಹಳೇ ಆಂಟೆನಾ
ನನ್ನ ಅನಿಸಿಕೆ, ಸ್ಯಾಟಲೈಟೇ ಜಾಗ ಬದಲಾಯಿಸಿದೆ. ಮೊದಲು ಇನ್ಸಾಟ್-4ಬಿ ಇದ್ದಾಗ ನಮ್ಮ ಮನೆಯಲ್ಲಿ ಬೇರೆ ಕಡೆ ತಿರುಗಿತ್ತು.

ಹಾಸನದ ಗೌಡ
ಇಲ್ಲ ಸ್ವಾಮಿ. ಇನ್ಸಾಟ್-4ಬಿ ಇದ್ದಿದ್ದೂ 93.5ರಲ್ಲೇ. 2010ರ ಜುಲೈನಲ್ಲಿ ಅದರ ಸೋಲಾರ್ ಪ್ಯಾನೆಲ್ ಕಡೆ ತೊಂದರೆ ಬಂದು ಅರ್ಧ ಟ್ರಾನ್ಸ್‌ಪಾಂಡರ್ (ಚಾನೆಲ್ ಕೆಳಗೆ ಕಳಿಸುವ ಯಂತ್ರ) ಆಫ್ ಮಾಡಬೇಕಾಯಿತು. ಆಗ ಸನ್ ಡೈರೆಕ್ಟ್‌ನವರು ಮೀಸ್ಯಾಟ್‌ಗೆ ಹೋದರು, ಊರೂರಲ್ಲಿ ಡಿಶ್ ತಿರುಗಿಸಿದರು. ನಿಮಗೆ ನೆನಪಿರೋದು ಅದೇ ಇರಬೇಕು. ಜಿಸ್ಯಾಟ್-15 ಹಾರಿದ್ದು 2015ರ ನವೆಂಬರ್ 11ಕ್ಕೆ, ಫ್ರೆಂಚ್ ಗಯಾನಾದ ಕೌರುವಿನಿಂದ, ಏರಿಯಾನ್-5 ರಾಕೆಟ್‌ನಲ್ಲಿ. ಅದನ್ನು ಜಾಗ ಬಿಟ್ಟು ಕದಲದ ಹಾಗೆ ನೋಡಿಕೊಳ್ಳೋದು ನಮ್ಮ ಹಾಸನದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ನಮ್ಮೂರಿನವರ ಮೇಲೆ ಅಪವಾದ ಹಾಕಬೇಡಿ.

ಹಳೇ ಆಂಟೆನಾ
ಆಯ್ತು ಗೌಡರೇ, ಹಾಸನದ ತಂಟೆ ಬೇಡ.

ತೋಟದಮನೆ
ಬಂತು! ವೆಲ್ಡಿಂಗ್ ಶಾಪ್‌ನವರ ಗೆರೆ ಲೆಕ್ಕವೇ ಹಿಡಿದೆ. ಹಳೇ ತುಕ್ಕಿನ ಗುರುತು ಸಿಕ್ಕಿತು, ಅಲ್ಲಿಂದ 8 ಮಿಲಿಮೀಟರ್ ಎಡಕ್ಕೆ. ನನ್ನ ತಮ್ಮ ಕಿಟಕಿಯಲ್ಲಿ ನಿಂತು ಕ್ವಾಲಿಟಿ ಕೂಗಿ ಹೇಳುತ್ತಿದ್ದ. ಎತ್ತರ ಇಳಿಸಿದ್ದೇ ತಡ, 30 ಅಂದ. ಆಮೇಲೆ ಎಲ್‌ಎನ್‌ಬಿ ಸ್ಕ್ರೂ ಸಡಿಲ ಮಾಡಿ ಕೂದಲೆಳೆಯಷ್ಟು ತಿರುಗಿಸಿ ನಿಲ್ಲಿಸುತ್ತಾ ಹೋದೆ. 38, 45, 58. ಅಲ್ಲಿಂದ ಮತ್ತೆ ಇಳಿಯತೊಡಗಿತು, ವಾಪಸ್ ತಂದು ಬಿಗಿದೆ. ಈಗ 60ರ ಸುತ್ತ ನಿಂತಿದೆ. ಡಿಡಿ ನ್ಯೂಸ್ ಎಚ್‌ಡಿ ಸ್ಕ್ಯಾನ್‌ನಲ್ಲಿ ಬಂದಿದೆ. ಚಂದನವೂ ಬಂತು.

ಒಂದೇ ಪ್ರಶ್ನೆ ಉಳಿದಿದೆ. ಎಚ್‌ಡಿ ಚಾನೆಲ್ ಹಾಕಿದರೂ ಚಿತ್ರ ಅಷ್ಟೇನೂ ಚೆನ್ನಾಗಿಲ್ಲ. ಎಸ್‌ಡಿ ಥರಾನೇ ಇದೆ.

ಬಯಲುಸೀಮೆ
ಬಾಕ್ಸಿನಿಂದ ಟಿವಿಗೆ ಯಾವ ವಯರ್ ಹಾಕಿದ್ದೀರಿ? ಕೆಂಪು, ಹಳದಿ, ಬಿಳಿ ಮೂರು ಪಿನ್‌ದಾ?

ತೋಟದಮನೆ
ಹೌದು, ಹಳೇದೇ ಇತ್ತು ಅಂತ...

ಬಯಲುಸೀಮೆ
😀 ಅದರಲ್ಲಿ ಎಚ್‌ಡಿ ಹೋಗಲ್ಲ ಸರ್. ಎಚ್‌ಡಿಎಂಐ ಕೇಬಲ್ ಹಾಕಿ. ಬಾಕ್ಸಿನ ಸೆಟ್ಟಿಂಗ್‌ನಲ್ಲಿ 1080ಐ ಇಡಿ. ಪಿಕ್ಚರ್ ಅಗಲ 16:9.

ಸಿಗ್ನಲ್ ಸೀನ
ಮಳೆಗಾಲಕ್ಕೆ 60 ಕ್ವಾಲಿಟಿ ಗಡಿಯಲ್ಲಿದೆ. ತೀರ್ಥಹಳ್ಳಿ ಅಂದ್ರೆ ಆಗುಂಬೆ ಪಕ್ಕ. ಸಾಧ್ಯವಾದರೆ 75 ಅಥವಾ 90 ಸೆಂಟಿಮೀಟರ್ ಡಿಶ್ ಹಾಕಿ. ಎಚ್‌ಡಿಗಲ್ಲ, ಮಳೆಗೆ. ನಿಮ್ಮ ಮೆಕ್ಯಾನಿಕ್ ಹೇಳಿದ್ದರಲ್ಲಿ ಅಷ್ಟು ಮಾತ್ರ ಸರಿ. ಎಫ್ ಕನೆಕ್ಟರ್ ಮೇಲೆ ನೀರು ಹೋಗದ ಹಾಗೆ ಟೇಪ್ ಸುತ್ತಿ. ಕೇಬಲ್ ಮನೆಯೊಳಗೆ ಹೋಗುವ ಮೊದಲು ಕೆಳಗೆ ಒಂದು ಜೋಲು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಮಲೆನಾಡ ಮಳೆ
ಸಿಡಿಲು ಬರುವಾಗ ಬಾಕ್ಸಿನ ಪ್ಲಗ್ ಅಷ್ಟೇ ತೆಗೆದರೆ ಸಾಲದು. ಡಿಶ್ ಕೇಬಲ್ಲನ್ನೂ ಬಾಕ್ಸಿನಿಂದ ಬಿಚ್ಚಿಡಿ. ಗುಡುಗು ಕೇಳಿದ ಮೇಲೆ ಬಿಚ್ಚಲು ಹೋಗಬೇಡಿ, ಮೋಡ ಕಟ್ಟುವಾಗಲೇ ಬಿಚ್ಚಿ.

ಹೆಗ್ಗೋಡಿನ ಅಕ್ಕ
ಮಂಗಗಳಿಗೆ ಏನು ಮಾಡುತ್ತೀರಿ? ನಮ್ಮಲ್ಲಿ ಡಿಶ್ ತೋಳಿನ ಮೇಲೆ ಕೂತು ಉಯ್ಯಾಲೆ ಆಡುತ್ತವೆ. ಪ್ರತಿ ಸಲ ಸರಿ ಮಾಡಿಸಿ ಸಾಕಾಗಿದೆ.

ವೆಲ್ಡಿಂಗ್ ಶಾಪ್
ಅಕ್ಕ, ತೋಳಿನ ತುದಿಯಿಂದ ಡಿಶ್ಶಿನ ಎರಡೂ ಅಂಚಿಗೆ ಕಬ್ಬಿಣದ ಸರಳಿನ ಆಧಾರ ಕೊಟ್ಟರೆ ತೋಳು ಬಗ್ಗಲ್ಲ. ಸರಿಯಾಗಿ ಕೂತ ಮೇಲೆ ಕಂಬಕ್ಕೂ ಕ್ಲಾಂಪಿಗೂ ಸೇರಿಸಿ ಪೇಂಟ್‌ನಲ್ಲಿ ಗೆರೆ ಎಳೆದುಬಿಡಿ. ಮಂಗ ತಿರುಗಿಸಿದರೂ ಗೆರೆ ಕೂಡಿಸಿದರೆ ವಾಪಸ್ ಜಾಗಕ್ಕೆ ಬರುತ್ತೆ. ಮೆಕ್ಯಾನಿಕ್ ಬೇಡ.

ಸಿಗ್ನಲ್ ಸೀನ
ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ ಮಾರಾಯ್ರೆ.

ಕುಂದಾಪ್ರದವ
ಫ್ರೀ ಡಿಶ್‌ನಲ್ಲಿ ಕ್ರಿಕೆಟ್ ಬರ್ತದಾ? ನಮ್ಮ ಕೇಬಲ್ಲಲ್ಲಿ ಡಿಡಿ ಸ್ಪೋರ್ಟ್ಸ್ ಉಂಟು, ಮ್ಯಾಚ್ ಟೈಮಿಗೆ ಬೇರೆ ಎಂತದೋ ಹಾಕ್ತಾರೆ.

ದಿಲ್ಲಿ ಕನ್ನಡಿಗ
ಅದು ಕೇಬಲ್‌ನವರ ಕಿತಾಪತಿ ಅಲ್ಲ. 2007ರ ಕಾಯ್ದೆ ಪ್ರಕಾರ ದೇಶಕ್ಕೆ ಮುಖ್ಯ ಅಂತ ಪಟ್ಟಿಯಲ್ಲಿರುವ ಪಂದ್ಯಗಳ ಸಿಗ್ನಲ್ಲನ್ನು ಹಕ್ಕು ಕೊಂಡ ಚಾನೆಲ್ ಪ್ರಸಾರ ಭಾರತಿಗೆ ಕೊಡಬೇಕು. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಹಾಗೆ ಸಿಕ್ಕ ಸಿಗ್ನಲ್ ದೂರದರ್ಶನದ ಸ್ವಂತ ಟವರ್ ಮತ್ತು ಫ್ರೀ ಡಿಶ್‌ನಲ್ಲಿ ಮಾತ್ರ, ಖಾಸಗಿ ಕೇಬಲ್, ಡಿಟಿಎಚ್‌ನಲ್ಲಿ ಅಲ್ಲ. ಅದಕ್ಕೇ ಕೇಬಲ್‌ನಲ್ಲಿ ಬೇರೆ ಏನೋ ಓಡುತ್ತದೆ. ಪಟ್ಟಿಯಲ್ಲಿಲ್ಲದ ಪಂದ್ಯಕ್ಕೆ ಈ ಕಾಯ್ದೆ ಅನ್ವಯಿಸಲ್ಲ. ಐಪಿಎಲ್ ಆ ಪಟ್ಟಿಯಲ್ಲಿಲ್ಲ.

ಬಯಲುಸೀಮೆ
ಎಲ್ಲ ಸರಿ, ಫ್ರೀ ಡಿಶ್ ತುಂಬಾ ಹಿಂದಿ ಚಾನೆಲ್ಲೇ. ಕನ್ನಡಕ್ಕೆ ಚಂದನ ಬಿಟ್ಟರೆ ಹೇಳಿಕೊಳ್ಳುವಂಥದ್ದು ಏನಿದೆ?

ಹಾಸನದ ಗೌಡ
ಜಾಗ ಹರಾಜಿನಲ್ಲಿ ಹೋಗುತ್ತೆ. ಜಾಸ್ತಿ ದುಡ್ಡು ಕೊಟ್ಟವನಿಗೆ ಜಾಗ. ಕನ್ನಡ ಚಾನೆಲ್‌ನವರು ಬರಲ್ಲ, ಅವರಿಗೆ ಪೇ ಚಾನೆಲ್ ದುಡ್ಡು ಬೇಕು.

ಬಯಲುಸೀಮೆ
ಹರಾಜು ಸರಿ, ಭಾಷೆಗೆ ಇಂತಿಷ್ಟು ಅಂತ ಜಾಗ ತೆಗೆದಿಡಬೇಕು ಅಲ್ವಾ? ಹಾಸನದಿಂದ ಸ್ಯಾಟಲೈಟ್ ನೋಡಿಕೊಳ್ಳೋದು ನಾವು, ನೋಡೋದು ಬೇರೆ ಭಾಷೆ.

ಹಾಸನದ ಗೌಡ
ಇದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಡಿಶ್ ಹಾಳಾಗುತ್ತೆ.

ಶಿರಸಿ ಭಟ್ರು
ತಡವಾಗಿ ಬಂದೆ. ನಮ್ಮ ಮನೆಯಲ್ಲಿ ಕೆಳಗೊಂದು ಟಿವಿ, ಮೇಲೊಂದು ಟಿವಿ. ಒಂದೇ ಎಲ್‌ಎನ್‌ಬಿಯಿಂದ ಸ್ಪ್ಲಿಟರ್ ಹಾಕಿ ಎರಡು ಬಾಕ್ಸ್ ನಡೆಸಬಹುದಾ? ಒಬ್ಬರು ಆಗುತ್ತದೆ ಅಂತಾರೆ, ಒಬ್ಬರು ಆಗುವುದಿಲ್ಲ ಅಂತಾರೆ.

ಆರ್‌ಜಿ ಸಿಕ್ಸ್
ಇಬ್ಬರೂ ಸರಿ. ಬಾಕ್ಸ್ ವಿ ಚಾನೆಲ್‌ಗೆ 13 ವೋಲ್ಟ್, ಎಚ್ ಚಾನೆಲ್‌ಗೆ 18 ವೋಲ್ಟ್ ಕಳಿಸುತ್ತೆ. ಎರಡು ಬಾಕ್ಸ್ ಬೇರೆ ಬೇರೆ ವೋಲ್ಟೇಜ್ ಕೇಳಿದರೆ ಎಲ್‌ಎನ್‌ಬಿ ಯಾರ ಮಾತು ಕೇಳಬೇಕು? ಖಾಸಗಿ ಡಿಟಿಎಚ್‌ಗಳಲ್ಲಿ ಈ ಜಗಳ ಬರುತ್ತೆ. ಫ್ರೀ ಡಿಶ್ ಪೂರ್ತಿ ವಿ ಕಡೆಯೇ ಇದೆ, ಎಲ್‌ಎನ್‌ಬಿ ಬ್ಯಾಂಡ್ ಬದಲಿಸುವ ಗಡಿಯಾದ 11700ಕ್ಕಿಂತ ಕೆಳಗೇ ಇದೆ. ಎರಡು ಬಾಕ್ಸೂ ಒಂದೇ ವೋಲ್ಟೇಜ್ ಕೇಳುತ್ತವೆ. ಹಾಗಾಗಿ ಪವರ್ ಪಾಸ್ ಇರುವ (ಎಲ್‌ಎನ್‌ಬಿಗೆ ಕರೆಂಟ್ ಹೋಗಲು ಬಿಡುವ) ಸ್ಯಾಟಲೈಟ್ ಸ್ಪ್ಲಿಟರ್ ಹಾಕಿದರೆ ನಡೆಯುತ್ತೆ. ಕೇಬಲ್ ಟಿವಿಯ ಹಳೇ ಸ್ಪ್ಲಿಟರ್ ಬೇಡ, ಅದು ಇಷ್ಟು ಫ್ರೀಕ್ವೆನ್ಸಿ ತನಕ ಹೋಗಲ್ಲ. ಸಿಗ್ನಲ್ ಅರ್ಧ ಆಗುತ್ತೆ, ಅದೂ ಲೆಕ್ಕದಲ್ಲಿರಲಿ. ತಲೆಬಿಸಿ ಬೇಡ ಅಂದರೆ ಎರಡು ಔಟ್‌ಪುಟ್ ಇರುವ ಟ್ವಿನ್ ಎಲ್‌ಎನ್‌ಬಿ ತಗೊಳ್ಳಿ.

ಶಿರಸಿ ಭಟ್ರು
ಟ್ವಿನ್ನೇ ತರಿಸುತ್ತೇನೆ. ಶಿರಸಿಗೂ ತಿರುವು 52 ಅಲ್ಲವಾ?

ಆರ್‌ಜಿ ಸಿಕ್ಸ್
51. ಟ್ವಿನ್ ಸ್ವಲ್ಪ ದಪ್ಪ ಇರುತ್ತೆ ಭಟ್ರೇ. ನಿಮ್ಮ ಬ್ರಾಕೆಟ್ಟಿನಲ್ಲಿ ಪೂರ್ತಿ ತಿರುಗುತ್ತಾ ಅಂತ ಅಂಗಡಿಯಲ್ಲೇ ಇಟ್ಟು ನೋಡಿ ತಗೊಳ್ಳಿ.